ವಾಂತಿ ಬರದ ಕಾರು

ನಂಜನಗೂಡಿನಲ್ಲಿ ಊಟಿ ರಸ್ತೆಯ ಪಕ್ಕದ ಒಂದು ಕಾರ್ ಷೋರೂಮಿಗೆ ನೀವು ಇವತ್ತು ಹೋದರೂ, ಕುಡಿಯಲು ಕೊಡುವ ಜ್ಯೂಸ್ ಕೈಗೆ ಬರುವ ಮೊದಲೇ ಒಂದು ಕಥೆ ಕಿವಿಗೆ ಬೀಳುತ್ತದೆ. ದೇವನೂರಿನ ಒಬ್ಬ ಹೆಂಗಸಿಗೆ ಹುಟ್ಟಿದಾಗಿನಿಂದ ಯಾವ ಗಾಡಿ ಹತ್ತಿದರೂ ವಾಂತಿಯಂತೆ. ನಮ್ಮ ಕಂಪನಿಯ ಸಣ್ಣ ಸೆಡಾನ್ ಹತ್ತಿದ ದಿನವೇ ಅದು ನಿಂತಿತಂತೆ. ಟಿ. ನರಸೀಪುರದವರೆಗೆ ಹೋಗಿ ಮಗಳ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದಳಂತೆ. ಎಲ್ಲ ಆ ಕಾರಿನ, ಕುಲುಕಾಟ ನುಂಗುವ ಸಸ್ಪೆನ್ಷನ್ ಮಹಿಮೆಯಂತೆ.

ಇದರಲ್ಲಿ ಊಟದ ಭಾಗ ಒಂದೇ ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಆ ಸೆಡಾನನ್ನು ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಆದರೂ ಕಥೆ ನಿಂತಿಲ್ಲ. "ಅದೇ ಸಸ್ಪೆನ್ಷನ್ ಸರ್" ಎಂದು ಈಗ ಎತ್ತರದ ಗಾಡಿಗಳಿಗೆ ಅಂಟಿಸಿದ್ದಾರೆ. ಹೇಳುವವರಲ್ಲಿ ಒಬ್ಬರೂ ಅವತ್ತು ಆ ಕಾರಿನಲ್ಲಿ ಇರಲಿಲ್ಲ. ನಾನಿದ್ದೆ, ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚಕ್ಕುಲಿ ಡಬ್ಬಿ ಇಟ್ಟುಕೊಂಡು.

ನಾನು ಕಾರು ಮಾರುವ ವೃತ್ತಿಯಿಂದ ನಿವೃತ್ತಳು ಎಂದರೆ ಜನ ನಗುತ್ತಾರೆ, ವಯಸ್ಸು ಇನ್ನೂ ಮೂವತ್ತೆರಡು. ನನ್ನ ವಾದ ಸರಳವಾಗಿದೆ. ಡಿಗ್ರಿ ಮುಗಿಸಿದಂದಿನಿಂದ ನಾನು ಮಾರಿದ್ದು ಆ ಒಂದೇ ಮಾದರಿಯ ಕಾರನ್ನು. ಕಾರು ನಿವೃತ್ತಿಯಾಯಿತು, ನಾನೂ ಆದೆ. ಈಗ ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಅರವತ್ತು ತುಂಬಿದವರಷ್ಟೇ ಅನುಭವ ಬರೆಯಬೇಕು ಎಂಬ ನಿಯಮ ಎಲ್ಲಿದೆ? ಅಲ್ಲಿಯವರೆಗೆ ಕಾದರೆ ನೆನಪು ಮಾಸುತ್ತದೆ, ಸುಳ್ಳು ಮಾತ್ರ ಗಟ್ಟಿಯಾಗುತ್ತದೆ. ಕಾರು ಮಾರುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಅದಕ್ಕಿಂತ ಮೊದಲೇ ಇದು ತಲುಪಲಿ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ ಮಾತಾಡಿ ಷೀಲ್ಡ್ ತರುತ್ತಿದ್ದವಳು. ಮ್ಯಾನೇಜರ್ ಜಗದೀಶ್ ಸರ್ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಕಾರಣಕ್ಕೆ. "ಮಾತಾಡೋ ಹುಡುಗಿ ಬೇಕಿತ್ತು" ಎಂದರು. ಒಂದು ವಾರ ಕಳೆಯುವುದರೊಳಗೆ ತಲೆಯ ಮೇಲೆ ಕೈ ಹೊತ್ತು, "ಮಾತಾಡೋ ಹುಡುಗಿ ಕೇಳಿದ್ದೆ ಕಣಮ್ಮ, ಎದುರು ಮಾತಾಡೋಳನ್ನಲ್ಲ" ಎಂದರು. ಅಂದಿನಿಂದ ನನಗೆ ಅಲ್ಲಿ ಲಾಯರಮ್ಮ ಎಂದೇ ಹೆಸರು.

ಮೊದಲು ಕಾರಿನ ಜಾತಕ ಹೇಳಿಬಿಡುತ್ತೇನೆ. ಸಾವಿರದ ಇನ್ನೂರು ಸಿಸಿಯ ಪೆಟ್ರೋಲ್ ಎಂಜಿನ್, ಐದು ಗೇರು, ಐದು ಸೀಟು, ನಾಲ್ಕು ಮೀಟರಿಗೆ ಒಂದಿಷ್ಟೇ ಕಡಿಮೆ ಉದ್ದ. ನಾಲ್ಕು ಮೀಟರ್ ದಾಟಿದರೆ ತೆರಿಗೆ ಏರುತ್ತದೆ ಎಂದು ಕಂಪನಿಯವರು ಡಿಕ್ಕಿಯನ್ನು ಮೊಟಕು ಮಾಡಿದ್ದರು. ಮುಂದಿನಿಂದ ನೋಡಿದರೆ ಒಳ್ಳೆಯ ಗೃಹಸ್ಥನ ಹಾಗೆ ಕಾಣುತ್ತಿತ್ತು; ಹಿಂದಿನಿಂದ ನೋಡಿದರೆ, ಹೊರಡುವ ಹೊತ್ತಿಗೆ ಯಾರೋ ಓಡಿಬಂದು ಒಂದು ಟ್ರಂಕನ್ನು ಬೆನ್ನಿಗೆ ಅಂಟಿಸಿದ ಹಾಗೆ. ಗುಣ ಮಾತ್ರ ಚಿನ್ನ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಪೆಟ್ರೋಲ್ ಬಂಕಿನವರು ನಿಮ್ಮ ಮುಖ ಮರೆಯುವಷ್ಟು ಕಡಿಮೆ ಕುಡಿಯುತ್ತಿತ್ತು. ಐದು ಜನ ಕೂತು ಎ.ಸಿ. ಹಾಕಿಕೊಂಡು ಬೆಟ್ಟ ಹತ್ತಿಸಿದರೆ ಏದುಸಿರು ಬಿಡುತ್ತಿತ್ತು. ಎ.ಸಿ. ಆಫ್ ಮಾಡಿ ಎಂದು ನಾವು ಹೇಳಬೇಕಾಗಿರಲಿಲ್ಲ, ಕಾರೇ ಹೇಳುತ್ತಿತ್ತು.

ಈ ಜಾತಕವನ್ನು ನಮ್ಮ ಕಡೆಯ ಜನರ ಮುಂದೆ ಓದುವುದು ಬೇರೆಯದೇ ಕೆಲಸ. ಡಿಕ್ಕಿಯ ಅಳತೆಯನ್ನು ಕಂಪನಿಯವರು ಲೀಟರಿನಲ್ಲಿ ಕೊಡುತ್ತಾರೆ. ನಾನು ಒಬ್ಬ ಬಾಳೆ ಬೆಳೆಗಾರರ ಮುಂದೆ ಬಾಯಿಪಾಠ ಒಪ್ಪಿಸಿದೆ. ಅವರು ಡಿಕ್ಕಿಯೊಳಗೆ ತಲೆ ಹಾಕಿ ನೋಡಿ, "ಲೀಟ್ರು ಯಾಕವ್ವ? ಇದ್ರೊಳಿಕ್ಕೆ ಆಲ್ ತುಂಬ್ಸಾಕಾ?" ಎಂದರು. ಮಾರನೆಯ ದಿನ ತೋಟದಿಂದ ರಸಬಾಳೆ ಗೊನೆಗಳನ್ನೇ ತಂದು ಇಟ್ಟು ನೋಡಿದರು. ಎರಡು ಗೊನೆ ಸಲೀಸು, ಮೂರನೆಯದಕ್ಕೆ ಬಾಗಿಲು ಮುಚ್ಚದು. ಅಂದಿನಿಂದ ನಾನು ಡಿಕ್ಕಿಯನ್ನು ಗೊನೆಯಲ್ಲೇ ಹೇಳುತ್ತಿದ್ದೆ, ಒಬ್ಬರೂ ಮರುಪ್ರಶ್ನೆ ಹಾಕಲಿಲ್ಲ.

ಮೈಲೇಜಿನ ವಿಷಯದಲ್ಲಿ ನಾನು ಎಡವಿದೆ. ತಾಂಡ್ಯದ ಫ್ಯಾಕ್ಟರಿಯೊಂದರ ಸೂಪರ್‌ವೈಸರ್ ಒಬ್ಬರು ಬ್ರೋಷರ್ ಮೇಲೆ ಬೆರಳಿಟ್ಟು, "ಇಷ್ಟು ಬರ್ತದಾ ಮೇಡಂ?" ಎಂದು ಕೇಳಿದರು. "ಬರಲ್ಲ ಸರ್. ಇದು ಅವರು ಒಳಗೆ ಯಂತ್ರದ ಮೇಲೆ ಓಡಿಸಿ ನೋಡಿದ ಲೆಕ್ಕ. ನಮ್ಮ ರಸ್ತೆಯಲ್ಲಿ ಎಮ್ಮೆ ಅಡ್ಡ ಬರುತ್ತವೆ" ಎಂದೆ. ಅವರು ಎದ್ದು ಹೋದರು. ಜಗದೀಶ್ ಸರ್ ಒಳಗೆ ಕರೆದು, "ಸತ್ಯ ಹೇಳು ಅಂದಿದ್ದೆ, ಪೂರ್ತಿ ಹೇಳು ಅಂತ ಯಾರಮ್ಮ ಅಂದಿದ್ದು?" ಎಂದು ಕೂಗಾಡಿದರು. ಸ್ವಲ್ಪ ದಿನಕ್ಕೆ ಆ ಸೂಪರ್‌ವೈಸರ್ ತಾವಾಗಿಯೇ ಬಂದು, "ಎಲ್ಲಾ ಕಡೇನೂ ಬರ್ತದೆ ಬರ್ತದೆ ಅಂದ್ರು. ಬರಲ್ಲ ಅಂದೋರು ನೀವೊಬ್ರೇ" ಎಂದು ಬುಕ್ ಮಾಡಿದರು. ಇದನ್ನು ಓದಿ ಸತ್ಯಕ್ಕೆ ಜಯ ಎಂದು ತೀರ್ಮಾನಿಸಬೇಡಿ. ನನ್ನ ಬಾಯಿಂದ ಸತ್ಯ ಕೇಳಿ ಎದ್ದು ಹೋದ ಬೇರೆ ಹಲವರು ವಾಪಸ್ ಬರಲೇ ಇಲ್ಲ. ಬಂದವರ ಕಥೆ ಮಾತ್ರ ನಾವು ಹೇಳಿಕೊಳ್ಳುತ್ತೇವೆ, ಅಷ್ಟೇ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಜನ ಕುಟುಂಬ ಸಮೇತ ಬಂದು ಕಾರಿನ ಒಳಗೆ ಕೂತು, ಬಾಗಿಲು ಬಡಿದು, ಅದರ ಸದ್ದು ಕೇಳಿ ತೀರ್ಮಾನ ಮಾಡುತ್ತಿದ್ದರು. ನಾನು ಬಿಡುವ ಹೊತ್ತಿಗೆ ಮೊಬೈಲಿನಲ್ಲಿ ಹತ್ತು ವಿಡಿಯೊ ನೋಡಿಕೊಂಡೇ ಬಂದು ನಮಗೇ ಪಾಠ ಮಾಡುತ್ತಿದ್ದರು. ಒಂದು ವಿಡಿಯೊದಲ್ಲೂ ಇರದಿದ್ದ ಪ್ರಶ್ನೆ ಕೇಳಿದವರು ಒಬ್ಬರೇ, ಪುಟ್ಟಸ್ವಾಮಣ್ಣ.

ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ರಿಟೈರ್ ಆದವರು, ದೇವನೂರಿನವರು. ಸರ್ವಿಸಿನ ಬಹುಪಾಲು ನಂಜನಗೂಡು–ಟಿ. ನರಸೀಪುರದ ನಡುವೆಯೇ ಕಳೆದಿತ್ತು. ಷೋರೂಮಿಗೆ ಬಂದವರು ಎಂಜಿನ್ ನೋಡಲಿಲ್ಲ, ಮೈಲೇಜ್ ಕೇಳಲಿಲ್ಲ. ನೇರ ಹಿಂದಿನ ಬಾಗಿಲ ಹತ್ತಿರ ಹೋಗಿ, "ಈ ಕಿಟಕಿ ಎಷ್ಟ್ ಕೆಳಿಕ್ ಇಳೀತದೆ?" ಎಂದರು.

ಆ ಕಾರಿನ ಹಿಂದಿನ ಗಾಜು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಳಿದು ಅಲ್ಲೇ ಮುಷ್ಕರ ಹೂಡುತ್ತಿತ್ತು. ನಾನು ಅದನ್ನು ತೋರಿಸಿ, "ಕಿಟಕಿ ಯಾಕೆ ಸರ್, ಎ.ಸಿ. ಇದೆಯಲ್ಲ?" ಎಂದೆ.

"ಎ.ಸಿ. ಒಳಿಕ್ ಬರಾದು ಕಣವ್ವ. ನಂಗೆ ಬೇಕಿರಾದು ಆಚಿಕ್ ಓಗಾಕೆ ದಾರಿ" ಎಂದು ಸೋಫಾದ ಕಡೆ ಗಲ್ಲ ಎತ್ತಿದರು. ಅಲ್ಲಿ ಅವರ ಹೆಂಡತಿ ಚಿಕ್ಕತಾಯಮ್ಮ ಅಂಚಿಗೆ ಕೂತು ನಿಂಬೆಹಣ್ಣು ಮೂಸುತ್ತಿದ್ದರು. ನಿಂತ ಕಾರಿನ ಹೊಸ ಸೀಟಿನ ವಾಸನೆಗೇ ಅವರ ಮುಖ ಅರ್ಧ ಬಾಡಿತ್ತು.

ಬಸ್ ಡ್ರೈವರನ ಹೆಂಡತಿಗೆ ಬಸ್ಸು ಆಗದು ಎಂಬುದು ಆ ಊರಿನಲ್ಲಿ ಹಳೆಯ ತಮಾಷೆ. ಮದುವೆ ಮುಗಿಸಿ ಬರುವ ಬಸ್ಸಿನಲ್ಲೇ ಆಕೆ ಗಂಡನ ರೇಷ್ಮೆ ಶಲ್ಯದ ಮೇಲೆ ಕಕ್ಕಿಕೊಂಡಿದ್ದರಂತೆ. ನಂಜನಗೂಡಿಗೆ ಆಟೋದಲ್ಲಿ ಬರುತ್ತಿದ್ದರು, ಗಾಳಿ ಆಡುವುದರಿಂದ ವಾಂತಿ ತಡೆಯುತ್ತಿತ್ತು. ಆದರೆ ಮಗಳು ಶೋಭಾಳನ್ನು ಕೊಟ್ಟಿದ್ದು ಟಿ. ನರಸೀಪುರಕ್ಕೆ. ಒಮ್ಮೆ ಆಟೋದಲ್ಲೇ ಅಷ್ಟು ದೂರ ಹೋಗಿ ಸೊಂಟ ಹಿಡಿದುಕೊಂಡು ದಿನಗಟ್ಟಲೆ ಮಲಗಿದ್ದರು. ಪುಟ್ಟಸ್ವಾಮಣ್ಣನಿಗೆ ಬೈಕ್ ಓಡಿಸಲು ಬರುವುದಿಲ್ಲ. "ಎರಡ್ ಚಕ್ರದ್ದು ಗಾಡಿನೇ ಅಲ್ಲ" ಎಂಬುದು ಅವರ ಸಿದ್ಧಾಂತ. ಶೋಭಾಳ ಮೊದಲ ಬಾಣಂತನ ತವರಿನಲ್ಲೇ ಆಗಿತ್ತು. ಈಗ ಎರಡನೆಯದು. ಅದು ಗಂಡನ ಮನೆಯಲ್ಲಿ.

"ಮಗ್ಳು ಫೋನ್ ಮಾಡಿ ಅತ್ತವ್ಳೆ ಕಣ್ ಕೂಸೇ" ಎಂದರು ಚಿಕ್ಕತಾಯಮ್ಮ, ನಿಂಬೆಹಣ್ಣಿನ ಹಿಂದಿನಿಂದ. "ಅವ್ವ, ಈ ಸಲ ನೀನೇ ಬರ್ಬೇಕು ಅಂತಾಳೆ. ಅವ್ಳ ಅತ್ತೆ, ನಿಮ್ಮವ್ವನ್ ಮೊಕವ ನಾವು ಮದ್ವೆ ಫೋಟೋದಲ್ಲೇ ನೋಡ್ಬೇಕು ಅಂತ ಆಡ್ಕೊಂಡವ್ರೆ. ಮಗೀನ ಮೊದ್ಲು ನಾನ್ ಎತ್ಕೊಬೇಕು. ಗಾಡಿ ಯಾವ್ದಾದ್ರೂ ಆಗ್ಲಿ."

ಈ ವ್ಯವಹಾರದಲ್ಲಿ ಪಣಕ್ಕಿದ್ದದ್ದು ಇಷ್ಟೇ. ಬಾಣಂತಿ ಮಗಳ ಮನೆಗೆ ಒಬ್ಬ ತಾಯಿ ವಾಂತಿ ಮಾಡಿಕೊಳ್ಳದೆ ತಲುಪಬೇಕು. ಸಿಸಿ, ಗೇರು, ಲೀಟರು ಎಲ್ಲ ಅದರ ಮುಂದೆ ಕಸ.

ಟೆಸ್ಟ್ ಡ್ರೈವಿಗೆ ಹೊರಟೆವು. ಪುಟ್ಟಸ್ವಾಮಣ್ಣ ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ, ಚಿಕ್ಕತಾಯಮ್ಮ ಹಿಂದೆ ಕಿಟಕಿಗೆ ಅಂಟಿಕೊಂಡು. ಎಂಜಿನ್ ಸ್ಟಾರ್ಟ್ ಆಯಿತು, ಮೊದಲ ಗೇರ್ ಬಿತ್ತು, ಕಾರು ಮಾತ್ರ ಹೊರಡಲಿಲ್ಲ. ಕನ್ನಡಿ ನೋಡಿಕೊಂಡು ಸುಮ್ಮನೆ ಕೂತಿದ್ದರು. ಏನೋ ಕೆಟ್ಟಿದೆ ಎಂದು ನಾನು ಬೆವರಿದೆ.

"ಅವ್ರು ಅಂಗೇಯ. ನೀನು ರೈಟ್ ಅನ್ನು, ಓಯ್ತರೆ" ಎಂದರು ಹಿಂದಿನಿಂದ ಹೆಂಡತಿ.

"ರೈಟ್" ಎಂದೆ. ಕಾರು ಹೊರಟಿತು. ಕಂಡಕ್ಟರ್ ಹೇಳದೆ ಹೊರಟು ಅಭ್ಯಾಸವೇ ಇಲ್ಲ ಅವರಿಗೆ.

ನಾಲ್ಕು ಮೀಟರ್ ಕಾರನ್ನು ಅವರು ಉದ್ದದ ಬಸ್ಸಿನ ಹಾಗೆ ತಿರುಗಿಸುತ್ತಿದ್ದರು. ಎಡಕ್ಕೆ ಹೋಗಬೇಕಾದರೆ ಮೊದಲು ಬಲಕ್ಕೆ ಹೋಗಿ ಅಂಗಡಿ ಬಾಗಿಲಿನವರೆಗೂ ಮೂತಿ ತೂರಿಸಿ, ಆಮೇಲೆ ಎಡಕ್ಕೆ. ತಾಂಡ್ಯದ ಕಡೆಗೆ ಹೋಗುವಾಗ ಮೊದಲ ಬಸ್ ಸ್ಟಾಪ್ ಬಂತು. ಕಾರು ತಾನೇತಾನಾಗಿ ಬದಿಗೆ ಸರಿದು ನಿಂತಿತು. ಅಲ್ಲಿದ್ದ ವಯಸ್ಸಾದ ಗಂಡಹೆಂಡತಿ ಬಗ್ಗಿ ನೋಡಿ, "ಓ, ಪುಟ್ಟಸ್ವಾಮಿ! ವಸಾ ಗಾಡಿಯಾ?" ಎನ್ನುತ್ತ ಒಳಗೆ ಬಂದು ಕೂತೇಬಿಟ್ಟರು. ಜೊತೆಗೆ ಒಂದು ಚೀಲ ಅಕ್ಕಿ.

"ಸರ್, ಇದು ಟೆಸ್ಟ್ ಡ್ರೈವ್" ಎಂದೆ.

"ಸ್ಟಾಪಲ್ಲಿ ನಿಂತವರ ಬುಟ್ಟು ಓಗಾದಾ? ನನ್ ಮ್ಯಾಲೆ ಕಂಪ್ಲೇಂಟ್ ಬತ್ತದೆ. ರೈಟ್ ಅನ್ನವ್ವ."

ರೈಟ್ ಎಂದೆ. ಮುಂದೆ ರಸ್ತೆ ಹಂಪ್ ಬಂತು. ನಮ್ಮ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರವನ್ನು ಕಂಪನಿಯವರು ಖಾಲಿ ಕಾರಿನಲ್ಲಿ ಅಳೆದಿರುತ್ತಾರೆ. ನಂಜನಗೂಡು ತಾಲ್ಲೂಕಿನಲ್ಲಿ ಖಾಲಿ ಕಾರು ಎಂಬ ವಸ್ತುವೇ ಇಲ್ಲ. ಕರ್ರೆಂದು ಕೆಳಗಿನಿಂದ ಒಂದು ಸದ್ದು ಬಂತು.

"ಅದೇನದು?"

"ಗ್ರೌಂಡ್ ಕ್ಲಿಯರೆನ್ಸ್ ಸರ್."

"ಎಲ್ಲೈತೆ?"

"ಈಗ ಮುಗಿದುಹೋಯ್ತು ಸರ್."

ಅದೇ ಹೊತ್ತಿಗೆ ಹಿಂದಿನಿಂದ "ನಿಲ್ಸ್ರೀ" ಎಂಬ ಕೂಗು ಬಂತು. ಅವರು ನಿಲ್ಲಿಸಿದರು, ನಿಜ. ಆದರೆ ಬಸ್ಸನ್ನು ನಿಲ್ಲಿಸುವ ಹಾಗೆ, ಮುಂದಿನ ಸ್ಟಾಪಿನಲ್ಲಿ. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಅರ್ಧ ಇಳಿದ ಗಾಜು ಅರ್ಧದಷ್ಟನ್ನು ಹೊರಗೆ ಬಿಟ್ಟು ಉಳಿದದ್ದನ್ನು ಒಳಗೆ ಹಂಚಿತು. ಅಕ್ಕಿಚೀಲದ ಯಜಮಾನರು ಪಂಚೆ ಎತ್ತಿ ಹಿಡಿದು ಇಳಿದು, ಹೆಂಡತಿಯನ್ನೂ ಚೀಲವನ್ನೂ ಇಳಿಸಿಕೊಂಡು ನಡೆದೇ ಹೋದರು.

ಡೆಮೊ ಕಾರನ್ನು ತೊಳೆಸುತ್ತ ಜಗದೀಶ್ ಸರ್ ನನ್ನನ್ನು ದಿಟ್ಟಿಸಿ ನೋಡಿದರು. ಆದರೂ ಗಿರಾಕಿ ಬಿಡುವ ಪೈಕಿ ಅಲ್ಲ ಅವರು. ಮತ್ತೊಂದು ದಿನ ಕರೆಸಿ ಚಿಕ್ಕತಾಯಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ವಾಂತಿಯಾಯಿತು. ಇನ್ನೊಂದು ದಿನ ಕಾರಿನೊಳಗೆ ಮಲ್ಲಿಗೆ ಸೆಂಟಿನ ಡಬ್ಬಿ ಇಟ್ಟರು. ಸ್ಟಾರ್ಟ್ ಮಾಡುವ ಮೊದಲೇ ಆಯಿತು. "ನಮ್ಮ ಸಸ್ಪೆನ್ಷನ್ ಈ ಕ್ಲಾಸಿನಲ್ಲೇ ಬೆಸ್ಟ್ ಅಮ್ಮ" ಎಂದು ಅವರು ಸಮಾಧಾನ ಹೇಳಿದರು. ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, "ಕ್ಲಾಸಲ್ಲಿ ಉಳ್ದೋವು ಎಂಗವೋ ಕಾಣೆ" ಎಂದರು.

ಅವತ್ತು ನನಗೆ ಹಳೆಯ ಚಟ ಕೆರಳಿತು. ಎಲ್ಲರೂ 'ಗಾಡಿಯೆಂದರೆ ವಾಂತಿ' ಎಂದು ಒಪ್ಪಿಕೊಂಡೇ ಮಾತಾಡುತ್ತಿದ್ದರು. ಆ ಮೂಲವನ್ನೇ ಯಾಕೆ ಒಪ್ಪಬೇಕು? ಸೋಫಾದ ಮೇಲೆ ಅವರ ಪಕ್ಕ ಕೂತು ಪಾಟೀಸವಾಲು ಶುರುಮಾಡಿದೆ.

"ಬಸ್ಸಲ್ಲಿ ಬರ್ತದೆ. ಟ್ರ್ಯಾಕ್ಟರಲ್ಲಿ?"

"ಬತ್ತದೆ."

"ಎತ್ತಿನ ಗಾಡೀಲಿ?"

"ಅದ್ರಲ್ಲಿ ಎಲ್ ಬಂದದು? ಮದ್ವೆಗ್ ಮುಂಚೆ ನಾನೇ ಒಡೀತಿದ್ದೆ. ಗೊಬ್ರ ತುಂಬ್ಕೊಂಡು ಒಲಕ್ ಓಯ್ತಿದ್ದೆ. ಗೊಬ್ಬುರದ ವಾಸ್ನೆಗೂ ಬತ್ತಿರ್ಲಿಲ್ಲ."

"ಅದೇ ಗಾಡಿಯನ್ನ ನಿಮ್ಮ ಅಣ್ಣತಮ್ಮಂದಿರು ಹೊಡೆದರೆ?"

ಚಿಕ್ಕತಾಯಮ್ಮ ಯೋಚಿಸಿದರು. ನಿಂಬೆಹಣ್ಣು ಕೆಳಗಿಟ್ಟರು. "ನಮ್ಮಣ್ಣ ಒಡುದ್ರೆ ಬತ್ತಿತ್ತು. ಅದ್ಕೇಯ ಅಗ್ಗವ ನಾನೇ ಕಿತ್ಕೊತಿದ್ದೆ." ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿ, "ಅಂಗಾದ್ರೆ ವಾಂತಿ ಗಾಡೀದಲ್ಲ ಕಣ್ರೀ, ನಿಮ್ದು" ಎಂದರು.

ಪುಟ್ಟಸ್ವಾಮಣ್ಣ ಎದ್ದು ನಿಂತರು. "ನನ್ ಸರ್ವೀಸಲ್ಲಿ ಒಂದ್ ಆಕ್ಸಿಡೆಂಟ್ ಇಲ್ಲ. ಒಂದ್ ಕೋಳಿ ಸತ್ತಿಲ್ಲ. ಬೆಳ್ಳಿ ಪದಕ ಕೊಟ್ಟವ್ರೆ ನಂಗೆ."

"ಪದ್ಕ ಕೊಟ್ಟೋರು ನಿಮ್ ಬಸ್ಸಲ್ಲಿ ಕೂತಿದ್ರಾ?"

ಈ ಪ್ರಶ್ನೆಯನ್ನು ನಾನು ಕಾಲೇಜಿನ ಯಾವ ವೇದಿಕೆಯಲ್ಲಿ ಎತ್ತಿದ್ದರೂ ಷೀಲ್ಡ್ ನನ್ನದೇ ಆಗುತ್ತಿತ್ತು. ನಾನು ಅದಕ್ಕೆ ನನ್ನ ಸಿದ್ಧಾಂತ ಸೇರಿಸಿದೆ: ತಿರುವು ಯಾವಾಗ ಬರುತ್ತದೆ, ಬ್ರೇಕ್ ಯಾವಾಗ ಬೀಳುತ್ತದೆ ಎಂದು ಓಡಿಸುವವರಿಗೆ ಮೊದಲೇ ಗೊತ್ತಿರುತ್ತದೆ, ಕೂತವರಿಗೆ ಗೊತ್ತಿರುವುದಿಲ್ಲ; ಆದ್ದರಿಂದ ಓಡಿಸುವವರಿಗೆ ವಾಂತಿ ಬರುವುದೇ ಇಲ್ಲ. ಅಮ್ಮ ಡ್ರೈವಿಂಗ್ ಕಲಿಯಲಿ.

"ನಾನ್ ಬದ್ಕಿರಾಗಂಟ ನನ್ನೆಂಡ್ತಿ ಸ್ಟೇರಿಂಗ್ ಇಡೀಬೇಕಾ? ನಾನು ಪಕ್ಕದಲ್ಲಿ ಕೂರದಾ? ನನ್ ಡಿಪೋದವ್ರು ನೋಡುದ್ರೆ ಏನಂದಾರು?" ಎಂದು ಅವರು ಟವೆಲ್ ಕೊಡವಿ ಹೊರಟೇ ಹೋದರು. ಜಗದೀಶ್ ಸರ್ ನನಗೆ ಕೈ ಮುಗಿದರು. "ಲಾಯರಮ್ಮ, ಕೇಸು ಗೆದ್ದೆ, ಗಿರಾಕಿ ಹೋದ."

ಹೋಗಲಿಲ್ಲ. ಶೋಭಾಳ ಫೋನು ದಿನಾ ಬರುತ್ತಿತ್ತು. ಕೊನೆಗೆ ಪುಟ್ಟಸ್ವಾಮಣ್ಣ ಒಂದು ರಾಜಿ ಸೂತ್ರ ತಂದರು. "ಕಲೀಲಿ, ಬ್ಯಾಡ ಅನ್ನಲ್ಲ. ಓಡ್ಸಾದ್ ಮಾತ್ರ ಬ್ಯಾಡ." ಈ ಸೂತ್ರದ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದರೆ ಚಿಕ್ಕತಾಯಮ್ಮ ಕಣ್ಣು ಮಿಟುಕಿಸದೆ ಒಪ್ಪಿದರು. ನಂಜನಗೂಡಿನ ಡ್ರೈವಿಂಗ್ ಸ್ಕೂಲಿಗೆ ಆಟೋದಲ್ಲಿ ಬಂದು ಕಲಿತರು. ಭಾನುವಾರ ಲಾರಿಗಳಿಲ್ಲದ ತಾಂಡ್ಯದ ಅಗಲ ರಸ್ತೆಗಳಲ್ಲಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕಲಿಸುವವನಿಗೆ "ಲೇ, ಸುಮ್ಕೆ ಕೂತ್ಕಳ್ಲಾ, ಕಿರ್ಚಬ್ಯಾಡ" ಎಂದು ಗದರುತ್ತ ಓಡಿಸುತ್ತಿದ್ದರು. ಒಂದು ದಿನವೂ ವಾಂತಿ ಬರಲಿಲ್ಲ. ಬಂದಿದ್ದರೆ ಕಲಿಸುವವನಿಗೆ ಬರಬೇಕಿತ್ತು. ಲೈಸೆನ್ಸ್ ಬಂತು. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋ ಚೆನ್ನಾಗ್ ಬಂದದೆ" ಎಂದು ಹೇಳಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕಾರು ಬುಕ್ ಆಯಿತು, ಬೆಳ್ಳಿ ಬಣ್ಣದ್ದು. ಡೆಲಿವರಿ ಕೊಡುವ ದಿನ ಬೆಳಿಗ್ಗೆಯೇ ಶೋಭಾಗೆ ಹೆಣ್ಣುಮಗುವಾಯಿತು ಎಂದು ಫೋನ್ ಬಂತು. ನಮ್ಮಲ್ಲಿ ಡೆಲಿವರಿಗೆ ಒಂದು ಪದ್ಧತಿ ಇದೆ. ಕಾರಿಗೆ ರೇಷ್ಮೆಬಟ್ಟೆ ಹೊದಿಸಿ ಸರ್ರನೆ ಎಳೆಯುವುದು, ಕೇಕ್ ಕತ್ತರಿಸುವುದು, ಥರ್ಮಾಕೋಲಿನ ದೊಡ್ಡ ಕೀಲಿ ಕೈಗೆ ಕೊಟ್ಟು ಫೋಟೋ ತೆಗೆಯುವುದು. ಫೋಟೋ ಆದದ್ದೇ ಚಿಕ್ಕತಾಯಮ್ಮ ಆ ಕೀಲಿಯನ್ನು ಜಗದೀಶ್ ಸರ್ ಎದೆಗೆ ಒತ್ತಿ, "ನಿಜವಾದ್ ಬೀಗದ್ಕೈ ಕೊಡಪ್ಪ, ನಾವ್ ಓಗ್ಬೇಕು" ಎಂದರು. ಹೊಸ ಗಾಡಿಯ ಸ್ವಿಚ್ಚುಗಳು ಗೊತ್ತಾಗುವುದಿಲ್ಲ, ನೀನೂ ಬಾ ಎಂದು ನನ್ನನ್ನು ಕರೆದರು. ಹಾಗೆ ನಾನು ಹಿಂದಿನ ಸೀಟು ಸೇರಿದೆ, ಮಗಳಿಗೆ ಮಾಡಿದ ಚಕ್ಕುಲಿ ಡಬ್ಬಿ ನನ್ನ ತೊಡೆ ಸೇರಿತು.

ಸ್ಟೇರಿಂಗ್ ಪುಟ್ಟಸ್ವಾಮಣ್ಣನದು. "ರೈಟ್" ಎಂದೆ. ಸುತ್ತೂರಿನ ಕಡೆಗೆ ಹೋಗುವ ರಸ್ತೆ ಹಿಡಿದೆವು. ಅವತ್ತು ಅವರು ತಮ್ಮ ಸರ್ವಿಸಿನಲ್ಲೇ ಅತ್ಯಂತ ನಯವಾಗಿ ಓಡಿಸಿದರು ಎಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಬಸ್ ಸ್ಟಾಪ್ ಬಂದಾಗ ಹಲ್ಲು ಕಚ್ಚಿ ದಾಟಿಸಿದರು. ಹಂಪ್ ಬಂದಾಗ ಇಳಿದು ಹೋಗಿ ನೋಡಿ ಬಂದು ಹತ್ತಿಸಿದರು. ಏನು ಮಾಡಿದರೂ ಪ್ರಯೋಜನವಾಗಲಿಲ್ಲ. ಪಕ್ಕದಲ್ಲಿ ಚಿಕ್ಕತಾಯಮ್ಮನ ಮುಖ ಬಿಳಚಿಕೊಳ್ಳುತ್ತ ಬಂತು. ನಿಂಬೆಹಣ್ಣು ಮೂಗಿನಿಂದ ಇಳಿಯಲಿಲ್ಲ. ಹೊಸ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಬೀಗ್ರು ಮನೆ ಮುಂದೆ ಇಂಗೇ ಇಳೀಬೇಕಾ ನಾನು?" ಎಂದು ಅಳುವ ಸ್ವರದಲ್ಲಿ ಕೇಳಿದರು. ಅವರಾಗಲಿ ನಾನಾಗಲಿ ಲೈಸೆನ್ಸಿನ ಮಾತೆತ್ತಲಿಲ್ಲ. ಎತ್ತಲು ನಾನು ಬಾಯಿ ತೆರೆದಿದ್ದೆ. ನನ್ನ ಜೀವಮಾನದಲ್ಲಿ ತೆರೆದ ಬಾಯಿ ಮುಚ್ಚಿದ ಅಪರೂಪದ ಸಂದರ್ಭ ಅದು.

ಸುತ್ತೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಪುಟ್ಟಸ್ವಾಮಣ್ಣ ಇದ್ದಕ್ಕಿದ್ದಂತೆ ಕಾರನ್ನು ಬದಿಗೆ ನಿಲ್ಲಿಸಿದರು. ಅಲ್ಲಿ ಬಸ್ ಸ್ಟಾಪ್ ಇರಲಿಲ್ಲ. ಒಂದು ಹುಣಸೆಮರ ಇತ್ತು.

"ಯಾಕೋ ಒಟ್ಟೆ ತೊಳುಸ್ತದೆ" ಎಂದರು.

"ಯಾರ್ಗೆ?" ಎಂದರು ಚಿಕ್ಕತಾಯಮ್ಮ.

"ನಂಗೆ."

ಹೆಂಡತಿಯ ಕೈಯಿಂದ ನಿಂಬೆಹಣ್ಣು ಇಸಿದುಕೊಂಡು, ಇಳಿದು, ಹುಣಸೆಮರದ ಹಿಂದೆ ಹೋದರು. ನಾವಿಬ್ಬರು ಮುಖ ಮುಖ ನೋಡಿಕೊಂಡೆವು. ಮರದ ಹಿಂದಿನಿಂದ ಕ್ಯಾಕರಿಸುವ ಸದ್ದು ಬಂತು, ಕೇಳಿಸಿದ್ದು ಅಷ್ಟೇ. ಕೊನೆಗೆ ಟವೆಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದು, ಎಡಗಡೆಯ ಬಾಗಿಲು ತೆಗೆದು ನಿಂತರು. ಅಂಗಿ ಜೇಬಿನಿಂದ ಹೆಂಡತಿಯ ಲೈಸೆನ್ಸನ್ನು ತೆಗೆದು ಡ್ಯಾಷ್‌ಬೋರ್ಡಿನ ಮೇಲಿಟ್ಟರು. ಬೀರುವಿನಲ್ಲಿ ಬೀಗ ಹಾಕಿದ್ದ ಅದೇ ಲೈಸೆನ್ಸು.

"ನನ್ ಕೈಲಾಗಲ್ಲ. ನೀನೇ ಓಡ್ಸು" ಎಂದರು.

ಚಿಕ್ಕತಾಯಮ್ಮ ಇಳಿದು ಸುತ್ತಿಕೊಂಡು ಹೋಗಿ, ಸೀಟು ಮುಂದಕ್ಕೆಳೆದು, ನೆರಿಗೆ ಸಿಕ್ಕಿಸಿ, ಸ್ಟಾರ್ಟ್ ಮಾಡಿದರು. ಮೊದಲ ಗೇರ್ ಹಾಕಿದರು. ಕಾರು ಹೊರಡಲಿಲ್ಲ. ಕನ್ನಡಿ ನೋಡಿಕೊಂಡು ಸುಮ್ಮನೆ ಕೂತರು. ನಾನು ಹೇಳಲು ಹೊರಟೆ, ಅವರು ಕನ್ನಡಿಯಲ್ಲೇ ಕಣ್ಣು ಮಾಡಿ ನನ್ನನ್ನು ತಡೆದರು.

ಕೊನೆಗೆ ಎಡಗಡೆಯಿಂದ ಪುಟ್ಟಸ್ವಾಮಣ್ಣ ಹೇಳಿದರು: "ರೈಟ್."

ಉಳಿದ ದಾರಿಯನ್ನು ಎರಡನೆಯ ಗೇರಿನಲ್ಲಿ ಮುಗಿಸಿದೆವು. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಪಕ್ಕಕ್ಕೆ ಬಂತು. ಓಡಿಸುತ್ತಿದ್ದವರು ಪುಟ್ಟಸ್ವಾಮಣ್ಣನ ಹಳೆಯ ಡಿಪೋದವರೇ. ಇವರು ಟವೆಲನ್ನು ಮುಖದ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಅವರು ಗುರುತು ಹಿಡಿದುಬಿಟ್ಟರು. "ಏನ್ಲಾ ಪುಟ್ಟಸ್ವಾಮಿ, ರಿಟೇರ್ ಆದ್ಮೇಲೆ ಕಂಡಕ್ಟರ್ ಕೆಲ್ಸುಕ್ ಸೇರ್ಕಂಡಾ?" ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ಬಸ್ಸು ಮುಂದೆ ಹೋದ ಮೇಲೆ ಅವರು ಟವೆಲ್ ಸರಿಸಿ, ಹಿಂದೆ ಕೈಚಾಚಿ, ನನ್ನ ತೊಡೆಯ ಮೇಲಿನ ಡಬ್ಬಿಯಿಂದ ಚಕ್ಕುಲಿ ತೆಗೆದುಕೊಂಡು ಕರಂ ಕರಂ ಎಂದು ತಿಂದರು. ಒಂದಲ್ಲ, ಮತ್ತೊಂದೂ.

ಟಿ. ನರಸೀಪುರದಲ್ಲಿ ಚಿಕ್ಕತಾಯಮ್ಮ ಆಸ್ಪತ್ರೆಯ ಮುಂದೆ ಬಲಗಡೆಯ ಬಾಗಿಲಿನಿಂದ ಇಳಿದರು. ಬೀಗಿತ್ತಿ ಬಾಗಿಲ ಹತ್ತಿರವೇ ನಿಂತಿದ್ದರು, ಬಾಯಿ ತೆರೆದದ್ದು ಮುಚ್ಚಲಿಲ್ಲ. ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡರು. ಸಂಜೆ ಬೀಗರ ಮನೆಯಲ್ಲಿ ಅವರು ಉಂಡಷ್ಟನ್ನು ನಾನು ಯಾರೂ ಉಂಡದ್ದು ನೋಡಿಲ್ಲ.

ಅಷ್ಟರಲ್ಲಿ ಜಗದೀಶ್ ಸರ್ ಫೋನು. "ವಾಂತಿ ಆಯ್ತಾ?"

"ಅಮ್ಮನಿಗೆ ಆಗಲಿಲ್ಲ ಸರ್, ಯಾಕೆಂದರೆ..."

"ಸಾಕು!" ಎಂದು ಇಟ್ಟುಬಿಟ್ಟರು. ಮಾರನೆಯ ಬೆಳಿಗ್ಗೆ ಚಿಕ್ಕತಾಯಮ್ಮ ಕೀಲಿ ಹಿಡಿದ ಫೋಟೋ, 'ವಾಂತಿ ಬರದ ಕಾರು' ಎಂಬ ಸಾಲಿನೊಂದಿಗೆ, ಎಲ್ಲರ ವಾಟ್ಸಾಪಿನಲ್ಲಿತ್ತು. ಕಥೆ ಹುಟ್ಟಿದ್ದು ಹೀಗೆ, ನನ್ನ 'ಯಾಕೆಂದರೆ' ಎಂಬುದರ ಮುಂದಿನ ಭಾಗ ಕೇಳಿಸಿಕೊಳ್ಳದೆ. ಹೊಸದಾಗಿ ಸೇರುವವರು ಇದನ್ನು ನೆನಪಿಡಿ. ಷೋರೂಮಿನಲ್ಲಿ ಕೇಳುವ ಕಥೆಗಳೆಲ್ಲ ಯಾವುದೋ ಫೋನು ಕಟ್ಟಾದ ಜಾಗದಲ್ಲಿ ಮುಗಿದಿರುತ್ತವೆ.

ಆದರೆ ನನ್ನ ತೊಂದರೆ ಬೇರೆ ಇದೆ. ಓಡಿಸುವವರಿಗೆ ವಾಂತಿ ಬರುವುದಿಲ್ಲ ಎಂದು ಸೋಫಾದ ಮೇಲೆ ಕೂತು ಸಾಧಿಸಿದವಳು ನಾನು. ಅವತ್ತು ಸ್ಟೇರಿಂಗ್ ಹಿಡಿದಿದ್ದವರಿಗೇ ಹೊಟ್ಟೆ ತೊಳೆಸಿದ್ದು ನಿಜವಾದರೆ ನನ್ನ ಸಿದ್ಧಾಂತ ಬಿದ್ದುಹೋಯಿತು. ಸುಳ್ಳಾದರೆ ಸಿದ್ಧಾಂತ ಉಳಿಯಿತು. ಎರಡೂ ಕಡೆ ವಾದಿಸಿ ನೋಡಿದ್ದೇನೆ. ಹಣೆಯಲ್ಲಿ ಬೆವರಿತ್ತು, ಒಪ್ಪುತ್ತೇನೆ. ಆದರೆ ಟವೆಲ್ ಒಣಗಿತ್ತು. ನಿಂಬೆಹಣ್ಣನ್ನು ಮೂಸದೆ ಜೇಬಿಗೆ ಹಾಕಿಕೊಂಡಿದ್ದರು. ಹೊಟ್ಟೆ ತೊಳೆಸಿದವರು ಚಕ್ಕುಲಿ ತಿನ್ನುತ್ತಾರಾ? ಎಲ್ಲಕ್ಕಿಂತ ಮುಖ್ಯವಾಗಿ, ಬೀಗ ಹಾಕಿಟ್ಟ ಲೈಸೆನ್ಸ್ ಅವರ ಜೇಬಿಗೆ ಬಂದದ್ದು ಹೇಗೆ?

ಕೆಲಸ ಬಿಟ್ಟ ಮೇಲೆ ಒಮ್ಮೆ ದೇವನೂರಿಗೆ ಹೋಗಿದ್ದೆ. ಚಿಕ್ಕತಾಯಮ್ಮ ಮೊಮ್ಮಗಳನ್ನು ನೋಡಲು ಹೊರಡುವ ತಯಾರಿಯಲ್ಲಿದ್ದರು. ಪುಟ್ಟಸ್ವಾಮಣ್ಣ ಕಾರು ಒರೆಸುತ್ತಿದ್ದರು. ಎಡಗಡೆಯ ಗಾಜನ್ನು ಬೇರೆಲ್ಲಕ್ಕಿಂತ ಹೆಚ್ಚು ಹೊಳೆಯುವ ಹಾಗೆ. ನಾನು ಹತ್ತಿರ ಹೋಗಿ ಕೇಳಿದೆ. ಅವರು ಬಟ್ಟೆ ಹಿಂಡಿ, ಬಕೆಟ್ಟಿನ ನೀರು ಚೆಲ್ಲಿ, ಎಡಗಡೆಯ ಸೀಟಿನಲ್ಲಿ ಹೋಗಿ ಕೂತರು. ಒಳಗಿನಿಂದ "ರೈಟ್" ಎಂಬ ಮಾತು ಕೇಳಿಸಿತು, ಕಾರು ಹೋಯಿತು. ಅಲ್ಲಿ ಸಿಗದ ಉತ್ತರ ಇಲ್ಲಾದರೂ ಸಿಗಲಿ ಎಂದು ಮತ್ತೆ ಕೇಳುತ್ತಿದ್ದೇನೆ.

ಪುಟ್ಟಸ್ವಾಮಣ್ಣ, ಆ ಹುಣಸೆಮರದ ಹಿಂದೆ ನಿಮಗೆ ನಿಜವಾಗಲೂ ವಾಂತಿ ಬಂದಿತ್ತಾ?